ನಮ್ಮ ಭಾವ ಸಾಕಿದ ಗುಂಡಿ

ಜನ ಹಸು ಸಾಕುತ್ತಾರೆ, ಗಿಣಿ ಸಾಕುತ್ತಾರೆ, ಅನುಕೂಲಸ್ಥರಾದರೆ ಮನೆ ಅಳಿಯನನ್ನೂ ಸಾಕುತ್ತಾರೆ. ರಸ್ತೆಯ ಗುಂಡಿಯೊಂದನ್ನು ಸಾಕಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ. ಹೆಸರು ಬರೆದರೆ ಅಕ್ಕ ನನ್ನನ್ನು ಹಬ್ಬದೂಟಕ್ಕೆ ಕರೆಯುವುದನ್ನು ಬಿಟ್ಟಾಳು. ಆದ್ದರಿಂದ ಬರೀ ಭಾವ.

ಆಗ ಜಯನಗರ ಇನ್ನೂ ಹೊಸ ಬಡಾವಣೆ. ಅಲ್ಲೊಂದು ಇಲ್ಲೊಂದು ಮನೆ, ನಡುವೆ ಬರೀ ತುಂಬೆ ಗಿಡ. ನಾನು ಟೀಚರ್ಸ್ ಟ್ರೈನಿಂಗ್ ಮಾಡಲು ಬಂದು ಅಕ್ಕನ ಮನೆಯಲ್ಲಿದ್ದೆ. ಆಫೀಸು ಮುಗಿಸಿ ಬಂದ ಭಾವನಿಗೆ ದಿನವೂ ಒಂದೇ ಸಂಭ್ರಮ. ಅಕ್ಕನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಯಡಿಯೂರು ಕೆರೆ ಏರಿಯವರೆಗೆ ಹೋಗಿ ಬರುವುದು. ಅಕ್ಕ ಒಂದೇ ಕಡೆಗೆ ಕಾಲು ಇಳಿಬಿಟ್ಟು, ಸೀಟಿನ ಸ್ಪ್ರಿಂಗ್ ಹಿಡಿದುಕೊಂಡು ಬಲು ಮರ್ಯಾದೆಯಿಂದ ಕೂರುತ್ತಿದ್ದಳು. ನಡುಬೀದಿಯಲ್ಲಿ ಗಂಡನ ಸೊಂಟ ಹಿಡಿಯುವುದೇ? ಶಿವ ಶಿವಾ!

ಗೌರಿ ಹಬ್ಬ ಮುಗಿದ ಹೊಸತರಲ್ಲಿ ಒಂದು ಸಂಜೆ ಮನೆಯ ಗೇಟಿನ ಎದುರಿಗಿದ್ದ ಗುಂಡಿಗೆ ಮುಂದಿನ ಚಕ್ರ ಇಳಿಯಿತು. ಭಾವ ಒಂದು ಕಡೆ, ಅಕ್ಕ ಒಂದು ಕಡೆ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಚಕ್ರ ಸೊಟ್ಟಗಾಯಿತು, ಅಕ್ಕ ಹಬ್ಬಕ್ಕೆ ತೊಟ್ಟಿದ್ದ ಹಸಿರು ಗಾಜಿನ ಬಳೆಗಳು ಚೂರಾದವು. ಅವಳು ಸೀರೆ ಕೊಡವಿಕೊಂಡು ಎದ್ದು, ಇಡೀ ಬೀದಿಗೆ ಕೇಳುವ ಹಾಗೆ, "ಸೈಕಲ್ ಹೊಡೆಯೋಕೆ ಬರದೇ ಇದ್ರೆ ಪಾಪ ಗುಂಡಿ ಏನ್ ಮಾಡುತ್ತೆ? ಇನ್ಮೇಲೆ ನಾನು ಇದರ ಮೇಲೆ ಕೂರಲ್ಲ" ಎಂದಳು. ಅಷ್ಟೇ. ಚಕ್ರ ರಿಪೇರಿಯಾಗಿ ಬಂತು, ಕೈಗೆ ಬೇರೆ ಬಳೆ ಬಂದವು. ಆದರೆ ಭಾವ ಜಪ್ಪಯ್ಯ ಅಂದರೂ ಅಕ್ಕ ಕ್ಯಾರಿಯರ್ ಕಡೆ ತಿರುಗಿ ನೋಡಲಿಲ್ಲ.

ಭಾವ ವಾರ್ಡ್ ಕಚೇರಿಗೆ ಪರಿಹಾರದ ಅರ್ಜಿ ಹಾಕಿದರು. ನಾನು ನಕ್ಕೆ.

"ಬಳೆಗೋಸ್ಕರ ಅಲ್ಲಮ್ಮ" ಎಂದು ಅವರು ನನ್ನ ಕಿವಿಯಲ್ಲಿ ಗುಟ್ಟಾಗಿ ಹೇಳಿದರು. "ತಪ್ಪು ಗುಂಡೀದೇ ಅಂತ ಕಚೇರಿಯೋರು ಸೀಲ್ ಒತ್ತಿ ಕೊಟ್ರೆ ನಿಮ್ಮಕ್ಕ ಒಪ್ಪಲೇಬೇಕಲ್ಲ? ಆಮೇಲೆ ಕೂರದೆ ಏನ್ಮಾಡ್ತಾಳೆ?"

ಗಂಡ ಹೆಂಡಿರ ಮುನಿಸು ಬಿಡಿಸಲು ಸರ್ಕಾರಿ ಸೀಲು! ಇಂಥ ಉಪಾಯ ಇನ್ನಾರ ತಲೆಗೆ ಹೊಳೆದೀತು?

ಕಚೇರಿಯ ಗುಮಾಸ್ತರಿಗೂ ಇದು ಹೊಸದೇ. "ಬಳೆಗೆಲ್ಲ ಪರಿಹಾರ ಕೊಡೋ ಪದ್ಧತಿ ಇಲ್ಲ ಸ್ವಾಮಿ. ಕಾಲೋ ಕೈಯೋ ಮುರಿದಿದ್ರೆ ನೋಡಬಹುದಿತ್ತು" ಎಂದರಂತೆ. ಅಂದು ಮನೆಗೆ ಬಂದ ಭಾವ ಬಹಳ ಹೊತ್ತು ಅಕ್ಕನ ಕಾಲನ್ನೇ ನೋಡುತ್ತಾ ಕುಳಿತರು.

"ನಿನಗೆ ಅವತ್ತು ಕಾಲಿಗೆ ಏನೂ ಆಗಲಿಲ್ವಾ? ಸರಿಯಾಗಿ ನೋಡ್ಕೊಂಡ್ಯಾ?"

"ಕಾಲಿಗೆ ಏನೂ ಆಗಿಲ್ಲ. ಆಗಿರೋದು ನಿಮ್ಮ ತಲೆಗೆ" ಎಂದು ಅಕ್ಕ ಒಳಗೆ ಹೋದಳು.

ಕೊನೆಗೆ ಭಾವನ ಕಾಟ ತಡೆಯಲಾರದೆ, ಓವರ್‌ಸಿಯರ್ ಬಂದು ಸ್ಥಳ ನೋಡುತ್ತಾರೆ, ಅಲ್ಲಿಯವರೆಗೆ ಗುಂಡಿ ಇದ್ದ ಹಾಗೇ ಇರಬೇಕು ಎಂದು ಕಚೇರಿಯವರು ಹೇಳಿಬಿಟ್ಟರು. ಶುರುವಾಯಿತು ನೋಡಿ, ಗುಂಡಿಯ ಸಾಕಣೆ. ಬೆಳಗ್ಗೆ ಎದ್ದರೆ ಅದರ ದರ್ಶನ. ಎಲೆ ಬಿದ್ದರೆ ಆರಿಸುವುದು, ಮಳೆ ಬಂದರೆ ಚೊಂಬಿನಲ್ಲಿ ನೀರು ಮೊಗೆಯುವುದು. ನಮ್ಮ ಮನೆಯ ತೆಂಗಿನ ಸಸಿಗೆ ಅವರು ಇಷ್ಟು ಮುತುವರ್ಜಿ ತೋರಿಸಿದ್ದರೆ ಇಷ್ಟು ಹೊತ್ತಿಗೆ ಎಳನೀರು ಕುಡಿಯಬಹುದಿತ್ತು.

ಪಕ್ಕದ ಮನೆಯ ಗೌಡರು ಈ ಜಾಗದಲ್ಲೇ ರಾಗಿ ಬೆಳೆಯುತ್ತಿದ್ದ ಹಳೇ ಊರಿನವರು. ಒಂದು ದಿನ ಒಳ್ಳೇ ಮನಸ್ಸಿನಿಂದ ಎತ್ತಿನ ಗಾಡಿಯಲ್ಲಿ ಜಲ್ಲಿ, ಮಣ್ಣು ತುಂಬಿಕೊಂಡು ಬಂದರು. ಭಾವ ಓಡಿಹೋಗಿ ಗುಂಡಿಯೊಳಗೇ ನಿಂತುಬಿಟ್ಟರು.

"ಮುಚ್ಚಬೇಡಿ ಗೌಡ್ರೇ, ಇದು ಸಾಕ್ಷಿ."

"ನಮ್ಮ ಹೊಲ ಇದ್ದಾಗ ಇಲ್ಲಿ ಒಂದೂ ಗುಂಡಿ ಇರ್ಲಿಲ್ಲ ಸ್ವಾಮಿ. ನೀವು ರಸ್ತೆ ಅಂತ ಮಾಡ್ಕೊಂಡ ಮೇಲೇ ಬಿದ್ದಿದ್ದು" ಎಂದು ಗೌಡರು ಗಾಡಿ ತಿರುಗಿಸಿದರು.

ಗುಂಡಿ ಉಳಿಯಿತು. ಆದರೆ ಬೀಳುವವರ ಗತಿ? ಆಗ ಅಕ್ಕ ಯಾರಿಗೂ ಏನೂ ಹೇಳದೆ ಒಂದು ಕೆಲಸ ಮಾಡಿದಳು. ಬೆಳಗ್ಗೆ ಬಾಗಿಲಿಗೆ ರಂಗೋಲಿ ಇಟ್ಟವಳು ಹಾಗೇ ಗೇಟು ದಾಟಿ ಹೋಗಿ ಗುಂಡಿಯ ಸುತ್ತಲೂ ಬಳ್ಳಿ ಎಳೆದಳು. ರಂಗೋಲಿಯ ಮೇಲೆ ಚಕ್ರ ಹತ್ತಿಸುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗಿತ್ತು? ಹಾಲಿನವನೂ ಜಟಕಾದವನೂ ಸುತ್ತು ಹಾಕಿಕೊಂಡು ಹೋದರು. ಹೊಸದಾಗಿ ಬಂದವರೊಬ್ಬರು ಚಪ್ಪಲಿ ಬಿಟ್ಟು ಕೈ ಮುಗಿದದ್ದನ್ನೂ ನಾನು ಕಣ್ಣಾರೆ ಕಂಡೆ.

ಅಂತೂ ಒಂದು ಸಂಜೆ ಓವರ್‌ಸಿಯರ್ ಬಂದರು. ಛತ್ರಿಯ ತುದಿಯಿಂದ ಗುಂಡಿಯ ಆಳ ನೋಡಿದರು, ರಂಗೋಲಿ ನೋಡಿದರು, ಭಾವನನ್ನು ನೋಡಿದರು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆಯ ದಿನಕ್ಕಿಂತ ಹೆಚ್ಚಾಗಿ ಬೆವರುತ್ತಾ ಸೈಕಲ್ ಹಿಡಿದು ನಿಂತಿದ್ದರು.

"ಇಷ್ಟು ಗುಂಡಿಗೆ ಬಿದ್ರಾ? ಸೈಕಲ್ ಹೊಡೆಯೋಕೆ ಬರದೇ ಇದ್ರೆ ಗುಂಡಿ ಏನ್ ಮಾಡುತ್ತೆ ಸ್ವಾಮಿ?" ಎಂದು ಓವರ್‌ಸಿಯರ್ ನಕ್ಕರು.

ಭಾವ ತಲೆ ತಗ್ಗಿಸಿ ಸೈಕಲ್ಲಿನ ಬೆಲ್ಲನ್ನು ಅಂಗಿಯ ತುದಿಯಿಂದ ಒರೆಸತೊಡಗಿದರು. ಇಷ್ಟು ದಿನ ಕಾದದ್ದು ಈ ಮಾತು ಕೇಳುವುದಕ್ಕೇ? ಅವರ ಮುಖ ನೋಡಿ ನನಗೆ ಸಂಕಟವಾಯಿತು.

ಗೇಟು ಕಿರ್ರೆಂದಿತು. ಅಕ್ಕ ಹೊರಗೆ ಬಂದಳು.

"ನಮ್ಮ ಮನೆಯೋರಿಗೆ ಸೈಕಲ್ ಬರಲ್ಲ ಅಂತ ನಿಮಗೆ ಯಾರು ಹೇಳಿದ್ದು?"

ಯಾರು ಹೇಳಿದ್ದು! ಬೀದಿಗೆಲ್ಲ ಸಾರಿದವಳು ಇವಳೇ. ಆದರೆ ಹೇಳುವ ಹಕ್ಕೂ ಇವಳೊಬ್ಬಳದೇ ಎಂದು ಪಾಪ, ಓವರ್‌ಸಿಯರಿಗೆ ಹೇಗೆ ತಿಳಿಯಬೇಕು?

"ಅಲ್ಲಮ್ಮಾ, ಬಿದ್ದಿದ್ದು ಹೇಗೆ ಅಂತ..." ಅವರು ತಡವರಿಸಿದರು. "ಒಂದ್ಸಲ ತೋರಿಸಿದ್ರೆ ಬರ್ಕೊಂಡು ಹೋಗ್ತೀನಿ. ಹಿಂದೆ ಭಾರಕ್ಕೆ ಬೇಕಾದ್ರೆ ಒಂದು ಅಕ್ಕಿ ಮೂಟೆ ಇಟ್ಕೊಳ್ಲಿ."

"ಮೂಟೆ ಯಾಕೆ? ನಾನಿಲ್ವಾ?" ಅಕ್ಕ ಸೆರಗು ಸಿಕ್ಕಿಸಿಕೊಂಡು ಕ್ಯಾರಿಯರ್ ಮೇಲೆ ಕುಳಿತೇಬಿಟ್ಟಳು. "ನಡೀರಿ."

ಭಾವ ಪೆಡಲ್ ತುಳಿದರು. ಸೈಕಲ್ ಗುಂಡಿಯ ಹತ್ತಿರ ಬಂತು, ಮಾಸಿದ ರಂಗೋಲಿಯನ್ನು ನಯವಾಗಿ ಬಳಸಿಕೊಂಡಿತು, ಯಡಿಯೂರಿನ ಕಡೆ ತಿರುಗಿತು, ಹೋಗೇ ಹೋಯಿತು.

"ಬೀಳ್ಲೇ ಇಲ್ವಲ್ಲಮ್ಮಾ?" ಓವರ್‌ಸಿಯರ್ ನನ್ನನ್ನು ಕೇಳಿದರು.

"ಇವತ್ತು ಬೀಳೋ ಹಾಗೆ ಕಾಣಲ್ಲ ಸಾರ್" ಎಂದೆ.

ಬೀಳದವರಿಗೆ ಪರಿಹಾರವೆಲ್ಲಿ ಬಂತು? ಅರ್ಜಿ ವಜಾ ಆಯಿತು. ಮಾರನೆಯ ದಿನ ಭಾವನೇ ಗೌಡರನ್ನು ಕರೆದು, ಗಾಡಿಯ ಜಲ್ಲಿಯನ್ನು ತಮ್ಮ ಕೈಯಾರೆ ಸುರಿದು ಗುಂಡಿ ಮುಚ್ಚಿದರು.

ಆದರೆ ಆ ಜಾಗ ಬಂದಾಗಲೆಲ್ಲ ಭಾವ "ಗಟ್ಟಿಯಾಗಿ ಹಿಡ್ಕೋ, ಗುಂಡಿ" ಎನ್ನುವುದನ್ನು ಬಿಡಲಿಲ್ಲ. ಅಲ್ಲಿ ಗುಂಡಿ ಇಲ್ಲವೆಂದು ಅಕ್ಕನಿಗೆ ಗೊತ್ತಿತ್ತು, ಬೀದಿಗೆಲ್ಲ ಗೊತ್ತಿತ್ತು. ಆದರೂ ಅವಳು ಸೀಟಿನ ಸ್ಪ್ರಿಂಗ್ ಬಿಟ್ಟು, ಎರಡೂ ಕೈಯಿಂದ ಭಾವನ ಸೊಂಟ ಹಿಡಿದುಕೊಳ್ಳುತ್ತಿದ್ದಳು. ಗೇಟಿನಲ್ಲಿ ನಿಂತು ನೋಡುತ್ತಿದ್ದ ನನಗೆ ಏಕೋ ಕಣ್ಣು ತುಂಬಿ ಬರುತ್ತಿತ್ತು. ಕೆರೆ ಏರಿ ಬರುವವರೆಗೂ ಅವಳು ಆ ಕೈ ತೆಗೆಯುತ್ತಿರಲಿಲ್ಲವಂತೆ.