ಅಂಟಮ್ಮನ ಕೈಗೆ ಬಗ್ಗದ ಟಕ್ಕು

ಅಂಟಮ್ಮ ಅಳಿಯನನ್ನು ಮೊದಲು ನೋಡಿದ ದಿನವೇ ಅವನ ಕಿವಿಯ ಪರಿಚಯವೂ ಆಯಿತು. ಮಗಳು ಅವನನ್ನು ಮನೆಗೆ ಕರೆತಂದು ಕೂರಿಸಿದ್ದಳು. ಅತ್ತೆಯಾಗುವವಳನ್ನು "ಚೆನ್ನಾಗಿದ್ದೀರಾ?" ಎಂದು ಕೇಳುವುದು ಬಿಟ್ಟು ಆ ಮಹಾನುಭಾವ ಛಾವಣಿ ನೋಡಿ, "ನಿಮ್ಮ ಫ್ಯಾನು ಮೂರು ಸುತ್ತಿಗೊಂದ್ಸಲ ಕಿರ್ ಅನ್ನುತ್ತೆ, ಅಲ್ವಾ?" ಅಂದ. ಹನ್ನೊಂದು ವರ್ಷ ಅದರ ಕೆಳಗೆ ಮಲಗಿದ್ದ ಅಂಟಮ್ಮನಿಗೆ ಆ ಕಿರ್ ಕೇಳಿಸಿರಲೇ ಇಲ್ಲ. ಅಂದಿನಿಂದ ಬೇರೇನೂ ಕೇಳಿಸಲಿಲ್ಲ.

ಅಂಟಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಪುಸ್ತಕ ಕಟ್ಟುವ ಕಾರ್ಖಾನೆ ಕೊಟ್ಟ ಬಿರುದು. ಅಲ್ಲಿ ಮೂವತ್ತೊಂದು ವರ್ಷ ಪುಸ್ತಕಗಳ ಬೆನ್ನಿಗೆ ಅಂಟು ಬಳಿದವಳು. ಓದು ಅಷ್ಟಕ್ಕಷ್ಟೇ, ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ಬಳಿದ ಅಂಟು ಒಣಗಿಹೋಗುತ್ತಿತ್ತು. ಆದರೆ ಅವಳು ಕಟ್ಟಿದ ಪುಸ್ತಕದ ಒಂದು ಹಾಳೆ ಕಳಚಿತೆಂಬ ದೂರು ಎಂದೂ ಬರಲಿಲ್ಲ. (ಕೊಂಡವರು ಬಿಚ್ಚಿಯೇ ನೋಡಿರಲಿಕ್ಕಿಲ್ಲ ಎನ್ನುವ ಕೊಂಕು ಮಗಳದು.)

ಗಂಡ ತೀರಿಕೊಂಡ ಮೇಲೆ ಅಂಟಮ್ಮ ಮಗಳ ಮನೆ ಸೇರಿದಳು. ಅಳಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಮನೆಗೆ ಬಂದರೆ ಹಳೆಯ ರೆಕಾರ್ಡು ಉಜ್ಜುವವನು. ಹಾಡು ಕೇಳುವವರನ್ನು ಅವಳು ಬೇಕಾದಷ್ಟು ನೋಡಿದ್ದಳು; ಹಾಡಿನೊಳಗಿನ ಕಸ ಕೇಳುವವನನ್ನು ನೋಡಿದ್ದು ಇಲ್ಲೇ. "ಕರ್ ಅಂತು!" "ಚಟ್ ಅಂತು!" ಎನ್ನುತ್ತ ರೆಕಾರ್ಡು ತಟ್ಟೆಯ ಮೇಲಿನ ಮುಳ್ಳೆತ್ತುವುದು, ಒರೆಸುವುದು, ಮತ್ತೆ ಇಳಿಸುವುದು. ಒಂದು ಹಾಡಾದರೂ ಪೂರ್ತಿ ಮುಗಿದದ್ದಿಲ್ಲ. ಅತ್ತೆಗೆ ರೆಕಾರ್ಡಿನ ಕಪಾಟು ಮುಟ್ಟುವ ಅಪ್ಪಣೆ ಇರಲಿಲ್ಲ. ಕೇಳಿದರೆ, ತಾನು ಇವಳಿಗೆ ಅಳಿಯನಲ್ಲ, ಬರೀ ಇವಳ ಮಗಳ ಗಂಡ ಎನ್ನುವ ಹಾಗೆ ಮುಖ ತಿರುಗಿಸುತ್ತಿದ್ದ.

ಕಪಾಟಿನಲ್ಲಿ ಒಂದು ರೆಕಾರ್ಡು ಅವನ ಜೀವ. ತೀರಿಹೋದ ಅವನ ಅಪ್ಪ ಕೊಳಲು ನುಡಿಸಿದ್ದ ತಟ್ಟೆ ಅದೊಂದೇ, ಬೇರೆ ಪ್ರತಿಯಿಲ್ಲ. ಮುಳ್ಳಿಟ್ಟರೆ ಕಾದ ಎಣ್ಣೆಗೆ ನೀರು ಬಿದ್ದಂಥ ಸದ್ದು; ಕೊಳಲು ಅದರೊಳಗೆಲ್ಲೋ ಮುಳುಗಿಹೋಗಿತ್ತು. ಬರುವ ಭಾನುವಾರ ಅವನ ಚಿಕ್ಕಪ್ಪ, ಅಣ್ಣನ ಕೊಳಲು ಕೇಳಲೆಂದೇ ಬರುವವರಿದ್ದರು.

ಬಿಳಿ ಅಂಟನ್ನು ರೆಕಾರ್ಡಿನ ಮೇಲೆ ಬಳಿದು, ಒಣಗಿಸಿ, ಸುಲಿದರೆ ಗೆರೆಗಳೊಳಗಿನ ಧೂಳೆಲ್ಲ ಅದರ ಜೊತೆ ಎದ್ದುಬರುತ್ತದೆ ಎಂದು ಅಳಿಯ ಎಲ್ಲೋ ಓದಿದ. ಬೇಡದ ತಟ್ಟೆಯೊಂದರ ಮೇಲೆ ಮಾಡಿ ನೋಡಿದ. ಅಂಟು ಚೂರು ಚೂರಾಗಿ ಕಿತ್ತುಬಂದು, ಅರ್ಧ ಅಲ್ಲೇ ಕಚ್ಚಿಕೊಂಡಿತು. ತಲೆ ಮೇಲೆ ಕೈ ಹೊತ್ತು ಕೂತ.

ಅಂಟಮ್ಮ ಬಾಗಿಲಲ್ಲೇ ನಿಂತು ಹೇಳಿದಳು: "ತೆಳ್ಳಗೆ ಬಳಿದಿದ್ದೀಯ. ತೆಳ್ಳಗಿನದು ಹರಿಯುತ್ತೆ."

"ಅಮ್ಮಾ, ನೀನು ಸುಮ್ನಿರು," ಅಂದಳು ಮಗಳು. "ಅದು ಪುಸ್ತಕ ಅಲ್ಲ."

"ಅಂಟು ಅಂಟೇ ಕಣೇ. ಮೂವತ್ತೊಂದು ವರ್ಷ ಬಿಡದ ಹಾಗೆ ಅಂಟಿಸಿದ ಕೈಗೆ, ಬಿಡೋ ಹಾಗೆ ಅಂಟಿಸೋಕೆ ಬರಲ್ವಾ?"

ಅಳಿಯ ತಲೆಯೆತ್ತಿದ. ಅವಳ ಮಾತಿಗೆ ಅವನು ತಲೆಯೆತ್ತಿದ್ದು ಅದೇ ಮೊದಲು. ಆದರೂ ಅಪ್ಪನ ತಟ್ಟೆಯನ್ನು ಅವಳ ಕೈಗಿಡುವಾಗ ಹಸುಗೂಸನ್ನು ಕೊಟ್ಟ ಹಾಗೆ ಎರಡೂ ಕೈ ಕೆಳಗೇ ಹಿಡಿದಿದ್ದ.

ಅಂಟಮ್ಮ ಅವಸರಪಡಲಿಲ್ಲ. ನಡುವಿನ ಕಾಗದದ ಚೀಟಿಗೆ ಒಂದು ತೊಟ್ಟೂ ತಗಲದಂತೆ ಸುತ್ತ ಅಂಟು ಸುರಿದು, ಒಂದೇ ದಿಕ್ಕಿಗೆ ಎಳೆದಳು. ಗುಳ್ಳೆ ಕಂಡಲ್ಲಿ ಸೂಜಿಯ ಹಿಂಬದಿಯಿಂದ ಒಡೆದಳು. ಸುಲಿಯುವಾಗ ಹಿಡಿಯಲು ಸಿಗಲೆಂದು ಅಂಚಿಗೆ ದಪ್ಪ ಕಟ್ಟಿದಳು. ಒಂದು ಹಗಲು, ಒಂದು ರಾತ್ರಿ ಯಾರೂ ಆ ಕೋಣೆಯಲ್ಲಿ ಕಸ ಗುಡಿಸಕೂಡದೆಂದು ರಾಜಾಜ್ಞೆ ಹೊರಡಿಸಿದಳು. ಮರುದಿನ ಅಂಚು ಹಿಡಿದು ಎತ್ತಿದರೆ, ಹಾವಿನ ಪೊರೆಯಂತೆ ಇಡೀ ಹಾಳೆ ಒಂದೇ ತುಂಡಾಗಿ ಎದ್ದುಬಂತು!

ಮುಳ್ಳಿಳಿಸಿದರು. ಎಣ್ಣೆಯಿಲ್ಲ, ನೀರಿಲ್ಲ, ಬರೀ ಕೊಳಲು. ಅಳಿಯನ ಕಣ್ಣು ತುಂಬಿತು. ಅಷ್ಟರಲ್ಲಿ: ಟಕ್.

"ಇನ್ನೊಂದು ಉಳಿದಿದೆ ಅತ್ತೆ."

ಅಂಟಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಮತ್ತೆ ಬಳಿದಳು, ಮತ್ತೆ ಸುಲಿದಳು. ಟಕ್. ಮೂರನೆಯ ಸಲ. ಟಕ್.

"ಗೀರಾಗಿದ್ರೆ ಸುತ್ತಿಗೊಂದ್ಸಲ ಬರ್ಬೇಕಿತ್ತು," ಅಂದ ಅಳಿಯ, ತಲೆ ಕೆರೆದುಕೊಳ್ಳುತ್ತ. "ಇದು ತಾಳಕ್ಕೆ ಸರಿಯಾಗಿ ಬೀಳ್ತಿದೆ!"

"ನಿನ್ನ ಮಿಷಿನ್ನೇ ಸರಿಯಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಮಗಳು ಒಳಗಿನಿಂದ ಬಾಣ ಬಿಟ್ಟಳು.

ಭಾನುವಾರ ಚಿಕ್ಕಪ್ಪ ಬಂದರು. ಮೂವತ್ತೊಂದು ವರ್ಷದ ಹೆಸರು ಒಂದು ಟಕ್ಕಿನಿಂದ ಮಣ್ಣುಪಾಲಾಗುತ್ತದೆಂದು ಅಂಟಮ್ಮ ಯಂತ್ರದ ಪಕ್ಕದಲ್ಲೇ, ಮೈಯೆಲ್ಲ ಕಿವಿಯಾಗಿ ಕೂತಳು. ಕೊಳಲು ಹೊರಟಿತು. ಮೊದಲ ಸಾಲು ಮುಗಿಯಿತು. ಟಕ್.

ಚಿಕ್ಕಪ್ಪ ನೆಟ್ಟಗೆ ಕೂತರು. "ಅಣ್ಣ! ಅದು ಅಣ್ಣನ ಕಾಲು ಕಣೋ! ನುಡಿಸುವಾಗ ಹೀಗೇ ಹೆಜ್ಜೆ ತಟ್ಟುತ್ತಿದ್ದ!" ಎಂದು ಗೊಳೋ ಎಂದು ಅತ್ತರು.

ಅಳಿಯನೂ ಅತ್ತ. ಮಗಳೂ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಅಂಟಮ್ಮನಿಗೆ ಎದೆಯುಬ್ಬಿತು. ಕಸವಲ್ಲ ಅದು, ಬೀಗರ ಪಾದ! ಹೋದವರ ಹೆಜ್ಜೆಯನ್ನೇ ಸುಲಿದು ತೆಗೆದ ಕೈ ಇದು!

"ಆ ಹೆಜ್ಜೆ ಇನ್ನೊಂದ್ಸಲ ಕೇಳಿಸೋ," ಅಂದರು ಚಿಕ್ಕಪ್ಪ. ಅಳಿಯ ಮುಳ್ಳನ್ನು ಮೇಲೆತ್ತಿದ. ಕೊಳಲು ನಿಂತಿತು, ಮನೆ ನಿಶ್ಶಬ್ದವಾಯಿತು. ಆದರೆ ಅಂಟಮ್ಮನ ಮನಸ್ಸಿನಲ್ಲಿ ರಾಗ ನಿಂತಿರಲಿಲ್ಲ. ಅದರ ಪಾಡಿಗೆ ಅದು ಸಾಲಿನ ಕೊನೆಗೆ ಬಂತು.

ಟಕ್.

ಎಲ್ಲರೂ ಅವಳತ್ತ ತಿರುಗಿದರು.

"ಅಮ್ಮಾ!" ಅಂದಳು ಮಗಳು. "ನಿನ್ನ ಕಟ್ಟಿಸಿದ ಹಲ್ಲು!"

ಹೌದು. ಕೆಳಗಿನ ಸೆಟ್ಟು ಸಡಿಲವಾಗಿ ಎಷ್ಟೋ ದಿನವಾಗಿತ್ತು. ರಾಗ ಹಿಡಿಸಿದರೆ ಅವಳಿಗೇ ಅರಿವಿಲ್ಲದೆ ನಾಲಿಗೆ ಅದನ್ನೆತ್ತಿ ತಾಳ ಹಾಕುತ್ತಿತ್ತು. ಚಿಕ್ಕಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ ಕೈಯನ್ನು ಮೆಲ್ಲನೆ ಕೆಳಗಿಳಿಸಿದರು.

ಅಂಟಮ್ಮನ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಮರುಕ್ಷಣ ಅವಳು ಬೆನ್ನು ನೆಟ್ಟಗೆ ಮಾಡಿ ಕೇಳಿದಳು: "ಹಾಗಾದ್ರೆ ತಟ್ಟೆಯಲ್ಲಿ ಏನೂ ಇಲ್ಲ ಅಂತಾಯ್ತು?"

"ಇಲ್ಲ ಅತ್ತೆ. ಚೂರೂ ಇಲ್ಲ."

"ಮೊದಲನೇ ಸಲ ಸುಲಿದಾಗ್ಲೇ ಇರ್ಲಿಲ್ಲ?"

"ಇರ್ಲಿಲ್ಲ."

"ಕೇಳಿಸ್ಕೊಂಡೆಯೇನೇ?" ಎಂದು ಅವಳು ಮಗಳತ್ತ ನೋಡಿದ ನೋಟಕ್ಕೆ ಮಹಾರಾಣಿಯರೂ ನಾಚಬೇಕು.

ಅಳಿಯ ಮುಳ್ಳನ್ನು ತಟ್ಟೆಯ ಅಂಚಿಗೆ ಒಯ್ದ, ಆದರೆ ಇಳಿಸಲಿಲ್ಲ. ಅಡಿಗೆಮನೆಗೆ ಹೋಗಿ ಒಂದು ಲೋಟ ನೀರು ತಂದು, ಎರಡೂ ಕೈಯಲ್ಲಿ ಹಿಡಿದು, ಅವಳ ಮುಂದೆ ಬಗ್ಗಿ ನಿಂತ.

"ಅತ್ತೆ, ತಪ್ಪು ತಿಳ್ಕೋಬೇಡಿ... ಈ ಒಂದು ಹಾಡು ಮುಗಿಯೋವರೆಗೂ ಹಲ್ಲು ಇದರೊಳಗೆ ಬಿಡ್ತೀರಾ?"