ಮೊಳೆಯಿಲ್ಲದ ಬಂಗಲೆ, ವಾಲಿದ ಬೀರು

ನನಗೆ ಉತ್ಸಾಹ ಬರುವುದೇ ಅಪರೂಪ. ಬಂತೆಂದರೆ ಮನೆಯವರಿಗೆ ಉಳಿಗಾಲವಿಲ್ಲ. ಮರಗೆಲಸದಲ್ಲಿ ನನ್ನ ಅನುಭವ ಪೆನ್ಸಿಲ್ ಚೂಪು ಮಾಡುವುದಕ್ಕಿಂತ ಮುಂದೆ ಹೋದದ್ದಲ್ಲ. ಆದರೂ ಲಂಡನ್ನಿನ ಕೊಲಿಂಡೇಲಿನಲ್ಲಿರುವ ನಮ್ಮ ಫ್ಲ್ಯಾಟಿಗೆ ಬಿಡಿಬಿಡಿ ಹಲಗೆಗಳಾಗಿ ಬಂದ ಬೀರುವನ್ನು ನಾನೇ ಜೋಡಿಸುತ್ತೇನೆಂದು ಹಟ ಹಿಡಿದೆ. ಜೋಡಿಸಿಯೂ ಜೋಡಿಸಿದೆ. ಅದು ಕಿಟಕಿಯ ಕಡೆಗೆ ವಾಲಿಕೊಂಡು, ಯಾರೂ ಮುಟ್ಟದಿದ್ದರೂ ತಾನಾಗಿ ಬಾಗಿಲು ತೆರೆದು ನಮ್ಮನ್ನು ನೋಡುತ್ತಿತ್ತು. ಮುಂದಿನ ವಾರ ಧಾರವಾಡದಿಂದ ಅತ್ತೆ ಬರುವವರಿದ್ದರು. "ಅವ್ವ ಬರೂದ್ರೊಳಗ ಇದು ನೆಟ್ಟಗ ನಿಂದರಬೇಕು ನೋಡ್ರಿ. ಇಲ್ಲಂದ್ರ ನಾ ಬ್ಯಾರೆಯವರನ್ನ ಕರಸ್ತೀನಿ," ಎಂದಳು ಹೆಂಡತಿ ವಾಣಿ. ಮೈಸೂರಿನವನ ಮಾನ ಒಂದು ಬೀರುವಿನ ಮೇಲೆ ನಿಂತಿತ್ತು, ಅದೂ ವಾಲಿದ ಬೀರು.

ತಲೆ ಹಗುರಾಗಲೆಂದು ಆ ಭಾನುವಾರ ಲಂಡನ್ನಿನ ಅಂಚಿನಲ್ಲಿರುವ ಒಂದು ಹಳೆಯ ಮರದ ಬಂಗಲೆ ನೋಡಲು ಹೋದೆವು. ಕಪ್ಪು ತೊಲೆಗಳು, ನಡುವೆ ಬಿಳಿ ಗೋಡೆ, ಕೆಳಗಿನದಕ್ಕಿಂತ ಮುಂದಕ್ಕೆ ಚಾಚಿದ ಮೇಲಂತಸ್ತು. ಅದು ವಾಲಿದ್ದ ಪರಿ ನೋಡಿ ನನಗೆ ಹೋದ ಜೀವ ಬಂದಂತಾಯಿತು. "ನೋಡೇ, ಇದೂ ವಾಲಿದೆ," ಎಂದೆ. "ಇದಕ್ಕ ನೂರಾರು ವರ್ಷ ಹಿಡೀತು. ನಿಮ್ಮದಕ್ಕ ಒಂದು ಮಧ್ಯಾಹ್ನ ಸಾಕಾತು," ಎಂದಳು ವಾಣಿ.

ಒಳಗೆ ಮನೆ ತೋರಿಸುತ್ತಿದ್ದ ಅಜ್ಜಿಯೊಬ್ಬರು ಹೇಳುತ್ತ ಹೋದಂತೆ ನಾನು ಮೈಯೆಲ್ಲ ಕಿವಿಯಾದೆ. ಇಡೀ ಚೌಕಟ್ಟಿಗೆ ಒಂದು ಮೊಳೆಯೂ ಇಲ್ಲವಂತೆ. ತೊಲೆಯ ತುದಿಯನ್ನು ಕೆತ್ತಿ ಕಂಬದ ತೂತಿಗೆ ಸೇರಿಸಿ ಮರದ ಗೂಟ ಬಡಿದಿದ್ದಾರೆ. ಓಕ್ ಮರ ಹಸಿಯಾಗಿದ್ದಾಗಲೇ ಕೆತ್ತಿದ್ದರಿಂದ, ಅದು ಒಣಗುತ್ತ ತಿರುಚಿಕೊಂಡು ಕೀಲುಗಳನ್ನು ಇನ್ನಷ್ಟು ಬಿಗಿ ಮಾಡಿತಂತೆ. ಬಿಳಿ ಗೋಡೆಯೊಳಗಿರುವುದು ಹೆಣೆದ ಕಡ್ಡಿ, ಮಣ್ಣು, ಹುಲ್ಲು, ಸಗಣಿ. ಸಗಣಿ ಎಂದು ಕೇಳಿದ್ದೇ ತಡ, ಇಂಗ್ಲಿಷರ ಮೇಲೆ ನನಗಿದ್ದ ಸಣ್ಣಪುಟ್ಟ ಮುನಿಸೆಲ್ಲ ಕರಗಿಹೋಯಿತು. ಇವರು ನಮ್ಮ ನೆಂಟರೆಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಆಮೇಲೆ ಅಜ್ಜಿ ಟಾರ್ಚ್ ಬಿಟ್ಟು ಒಂದು ಕೀಲಿನ ಪಕ್ಕದ ಗೀಚುಗಳನ್ನು ತೋರಿಸಿದರು. ಬಡಗಿಗಳು ಚೌಕಟ್ಟನ್ನು ಮೊದಲು ತಮ್ಮ ಅಂಗಳದಲ್ಲಿ ಮಲಗಿಸಿ ಜೋಡಿಸಿ ನೋಡಿ, ಪ್ರತಿ ಕೀಲಿನ ಎರಡೂ ಕಡೆ ಒಂದೇ ಗುರುತು ಕೊರೆದು, ಮತ್ತೆ ಬಿಚ್ಚಿ, ಗಾಡಿಗೆ ಹೇರಿ ತಂದು ಇಲ್ಲಿ ನಿಲ್ಲಿಸಿದರಂತೆ. ನಾನು ಕುಣಿಯುವುದೊಂದೇ ಬಾಕಿ. ಇಷ್ಟು ದೊಡ್ಡ ಬಂಗಲೆಯೂ ಬಿಡಿಬಿಡಿಯಾಗಿ ಬಂದದ್ದೇ. ನನ್ನ ಬೀರುವಿಗೆ ಇಲ್ಲದ್ದು ಗುರುತು ಮಾತ್ರ. ಚಹಾ ಕುಡಿಯಲೂ ಬಿಡದೆ ವಾಣಿಯನ್ನು ಟ್ಯೂಬ್ ರೈಲು ಹತ್ತಿಸಿದೆ.

ಮನೆಗೆ ಬಂದವನೇ ಬೀರು ಬಿಚ್ಚಿ, ಹಲಗೆಗಳನ್ನು ನೆಲದ ಮೇಲೆ ಮಲಗಿಸಿ, ಯಾವುದಕ್ಕೆ ಯಾವುದು ಕೂರುತ್ತದೆಂದು ಹೊಂದಿಸಿ ನೋಡಿದೆ. ಗುರುತು ಕೊರೆಯಲು ಹೊರಟರೆ ವಾಣಿ ಚಾಕು ಕಸಿದುಕೊಂಡಳು. ಆ ನುಣುಪಿನ ಮೇಲೆ ಪೆನ್ನು ಹತ್ತಲಿಲ್ಲ. ಕೊನೆಗೆ ದೇವರ ಗೂಡಿನಿಂದ ಕುಂಕುಮದ ಭರಣಿ ತಂದು ನೀರಲ್ಲಿ ಕಲಸಿದೆ. ಒಂದು ಕೀಲಿಗೆ ಬೊಟ್ಟು, ಒಂದಕ್ಕೆ ಅಡ್ಡಗೆರೆ, ಇನ್ನೊಂದಕ್ಕೆ ಉದ್ದ ನಾಮ. ಶೈವಕ್ಕೆ ಶೈವ, ವೈಷ್ಣವಕ್ಕೆ ವೈಷ್ಣವ ಎಂದು ಸೇರಿಸುತ್ತ ಹೋದೆ. ಬೀರು ನೆಟ್ಟಗೆ ಎದ್ದು ನಿಂತಿತು. ಬಾಗಿಲು ಹಾಕಿದರೆ ಹಾಕಿದಂತೆಯೇ ಇತ್ತು. ನನಗಾದ ಸಂತೋಷ ಹೇಳತೀರದು. ವಾಣಿ ಬಾಗಿಲನ್ನು ತೆಗೆದು ಹಾಕಿ, ಮತ್ತೆ ತೆಗೆದು ಹಾಕಿ, ಒಳಗೆ ಸೀರೆ ಜೋಡಿಸತೊಡಗಿದಳು. ನಮ್ಮ ಮನೆಯಲ್ಲಿ ಇದನ್ನು ಸನ್ಮಾನ ಎನ್ನುತ್ತಾರೆ.

ಅತ್ತೆ ಬಂದರು. ಬೀರುವಿನ ಮುಂದೆ ನಿಂತು ಮೂಲೆಮೂಲೆಯ ಕುಂಕುಮ ನೋಡಿದರು. ಬಂಗಲೆ, ಹಸಿ ಓಕ್, ಬಡಗಿಗಳ ಗುರುತು ಎಂದು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಮುಗಿದೇಬಿಟ್ಟರು. "ಎಷ್ಟು ಛಂದ ಪೂಜಾ ಮಾಡೀರಿ ಅಳಿಯಂದ್ರ. ದೇವರ ದಯಾದಿಂದ ನಿಂತದ ನೋಡ್ರಿ ಇದು."

ಅಡುಗೆಮನೆಯಲ್ಲಿ ವಾಣಿ ನಕ್ಕದ್ದು ಕೇಳಿಸಿತು. ನನ್ನ ಬಡಗಿತನದ ಕೀರ್ತಿಯೆಲ್ಲ ಹೀಗೆ ದೇವರ ಪಾಲಾಗುವುದನ್ನು ನೋಡುತ್ತ ಸುಮ್ಮನಿರಲಾಗದೆ, ಈಗಲಾದರೂ ಹೇಳಿಬಿಡೋಣವೆಂದು ಜೇಬಿನಲ್ಲಿ ಕೈಯಿಟ್ಟು ಗಂಟಲು ಸರಿಮಾಡಿಕೊಂಡೆ. ಎಲ್ಲಿಗೆ ಸೇರಬೇಕೆಂದು ತಿಳಿಯದೆ ಉಳಿದಿದ್ದ ಒಂದು ಹಿಡಿ ಸ್ಕ್ರೂ ಬೆರಳಿಗೆ ತಾಗಿತು. ನಾನೂ ಭಕ್ತಿಯಿಂದ ಕೈ ಮುಗಿದೆ.