ಒಡಪು ಹಾಕಿದ ಬೀಗ

೧. ಮಾರಿ ತಿರುವಿದ್ದು

ಸಿದ್ದಾಪುರದ ಭತ್ತದ ವ್ಯಾಪಾರಿಯೊಬ್ಬರು ಇ-ಮೇಲ್ ಖಾತೆ ಮಾಡಿಸಲು ಗಂಗಾವತಿಯ ನನ್ನ ಕಂಪ್ಯೂಟರ್ ಅಂಗಡಿಗೆ ಬಂದರು. ಊರಿಗೆ ಇಂಟರ್‌ನೆಟ್ ಆಗ ಹೊಸದು. ಪಾಸ್‌ವರ್ಡ್ ಹಾಕುವ ಜಾಗ ಬಂತು. "ನೀವ ಒತ್ರಿ" ಎಂದು ನಾನು ಗೋಡೆಯ ಕಡೆ ಮುಖ ತಿರುಗಿಸಿ ಕೂತೆ. ಗಿರಾಕಿಯ ಪಾಸ್‌ವರ್ಡ್ ನೋಡಬಾರದು ಎಂಬುದು ನನ್ನ ಅಂಗಡಿಯ ನಿಯಮ.

ಕೀಲಿಮಣೆ ಸದ್ದು ಮಾಡಲಿಲ್ಲ.

"ಯಾಕ್ರೀ, ಮಾರಿ ತಿರುವಿದ್ರಿ? ನಮ್ಮಿಂದೇನು ತಪ್ಪಾತು?"

"ತಪ್ಪಿಲ್ಲ. ನಾ ನೋಡಬಾರದು."

"ನೋಡಬಾರದಂಥಾದ್ದು ನಮ್ಮ ಮಾರ್‍ಯಾಗ ಏನೈತ್ರೀ? ಹೋದ ಸಲ ಕಳಿಸಿದ ಅಕ್ಕಿ ನುಚ್ಚು ಬಂತೇನು?"

"ಪಾಸ್‌ವರ್ಡ್ ಗುಟ್ಟಿಂದು. ಅದಕ್ಕ."

"ನಿಮ್ಮ ಮುಂದ ಎಂಥಾ ಗುಟ್ಟು!" ಎಂದವರೇ ನನ್ನ ಕುರ್ಚಿಯನ್ನು ತಮ್ಮ ಕಡೆ ತಿರುಗಿಸಿ, ಪಾಸ್‌ವರ್ಡನ್ನು ಗಟ್ಟಿಯಾಗಿ ಹೇಳಿದರು. ಅಂಗಡಿಯಲ್ಲಿದ್ದವರೆಲ್ಲ ಕೇಳಿದರು. ಪಕ್ಕದ ಚಹಾದಂಗಡಿಯವನೂ ಕೇಳಿದ.

"ಈಗ ಸಿಟ್ಟು ಹೋತಿಲ್ಲೋ?"

ಮುಂದೆ ಪಾಸ್‌ವರ್ಡ್ ಮರೆತಾಗಲೆಲ್ಲ ಅವರು ನನ್ನನ್ನು ಕೇಳುತ್ತಿರಲಿಲ್ಲ. ಚಹಾದಂಗಡಿಯವನನ್ನೇ ಕೇಳುತ್ತಿದ್ದರು.

೨. ಹೆಸರು ಹೇಳದ್ದು

ಮೊಬೈಲ್ ಬಂದ ಮೇಲೆ ಹೆಂಡತಿಗೂ ಒಂದು ಕೊಡಿಸಿದೆ. ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ, ಅವಳು ರೊಟ್ಟಿ ಹಿಟ್ಟು ನಾದುತ್ತಿದ್ದಳು. ಬ್ಯಾಂಕಿನವನು ಎಂದು ಹೇಳಿಕೊಂಡು ಯಾವನೋ ಅವಳಿಗೆ ಫೋನ್ ಮಾಡಿದ; ಕೈ ಹಿಟ್ಟಾಗಿದ್ದರಿಂದ ಸ್ಪೀಕರ್ ಹಾಕಿದಳು. ಫೋನ್ ಕಿತ್ತುಕೊಳ್ಳಲು ಕೈ ಚಾಚಿದೆ. ಹಿಟ್ಟಿನ ಕೈಯಿಂದ ಒಂದು ಪೆಟ್ಟು ಬಿತ್ತು.

"ಅಮ್ಮಾ, ನಿಮ್ಮ ಖಾತೆ ಬಂದ್ ಆಗುತ್ತೆ. ಖಾತ್ರಿಗೆ ಮೊದಲು ನಿಮ್ಮ ಗಂಡನ ಹೆಸರು ಹೇಳಿ."

"ಹೇಳಬಾರದಪ್ಪ."

"ಹೇಳದಿದ್ರೆ ಖಾತೆ ಬಂದ್."

"ಆಗ್ಲೇಳು. ಗಂಡನ ಹೆಸರು ಯಾರರ ಹಂಗ ಹೇಳ್ತಾರೇನು? ನಿಮ್ಮವ್ವ ಹೇಳ್ತಾಳೇನು?"

"ಇಲ್ಲಮ್ಮ" ಎಂದ.

"ಮತ್ತ? ಯಾವೂರಪ್ಪ ನಿಂದು? ಊಟ ಆತೇನು?"

ಫೋನ್ ಕಟ್ಟಾಯಿತು. ಪಾಪ, ಅವನು ಓಟಿಪಿ ತನಕ ಬರಲೇ ಇಲ್ಲ.

೩. ಒಡಪು

ಆ ಫೋನ್ ನೀರಿನ ತೊಟ್ಟಿಗೆ ಬಿತ್ತು. ಹೊಸದು ತಂದೆ. ಹಳೆಯದರಲ್ಲಿದ್ದುದೆಲ್ಲ ಅವಳ ಖಾತೆಯಲ್ಲಿ ಉಳಿದಿತ್ತು. ಪಾಸ್‌ವರ್ಡ್ ಹಾಕಿದರೆ ವಾಪಸ್ ಬರುತ್ತಿತ್ತು.

"ಬ್ಯಾರೆ ಏನೂ ಬ್ಯಾಡ. ನಮ್ಮವ್ವನ ಹಾಡು ಬಂದ್ರ ಸಾಕು" ಎಂದಳು.

ಅವಳ ತವರು ಮಂಗಳೂರು; ಕಡಲ ದಂಡೆಯದಲ್ಲ, ನಮ್ಮ ಯಲಬುರ್ಗಾ ಕಡೆಯದು. ಅತ್ತೆ ಬೀಸುಕಲ್ಲಿನ ಮುಂದೆ ಕೂತು ಹಾಡಿದ್ದನ್ನು ಅವಳು ಫೋನಿನಲ್ಲಿ ಹಿಡಿದಿಟ್ಟಿದ್ದಳು. ಅತ್ತೆ ಈಗ ಇಲ್ಲ. ಆ ದನಿ ಬೇರೆಲ್ಲೂ ಇಲ್ಲ.

ಖಾತೆ ಮಾಡಿಕೊಟ್ಟವಳು ಕೊಪ್ಪಳದಲ್ಲಿರುವ ಅವಳ ತಂಗಿಯ ಮಗಳು. ಫೋನ್ ಮಾಡಿದೆ. "ದೊಡ್ಡಪ್ಪಾ, ಪೂರಾ ನೆನಪಿಲ್ರಿ. ನಿಮ್ಮ ಹೆಸರಂತೂ ಇತ್ತು ಅದರಾಗ" ಎಂದಳು.

ಅಂಗಡಿಯಲ್ಲಿ ಕೂತು ನನ್ನ ಹೆಸರು ಒತ್ತಿದೆ. ತಪ್ಪು. ಊರು ಸೇರಿಸಿದೆ. ತಪ್ಪು. ಮನೆತನದ ಹೆಸರು ಸೇರಿಸಿದೆ. ತಪ್ಪು. ಇನ್ನೊಮ್ಮೆ ತಪ್ಪಿದರೆ ಖಾತೆ ಮುಚ್ಚುತ್ತದೆ ಎಂದು ಬಂತು.

ಹೆಂಡತಿ ಬೆಂಚಿನ ಮೇಲೆ ಸೆರಗು ಬಾಯಿಗೆ ಹಿಡಿದು ಕೂತಿದ್ದಳು.

"ನಿನಗ ಗೊತ್ತೈತೇನು?"

"ಗೊತ್ತೈತಿ."

"ಮತ್ತ ಹೇಳು."

"ಹೆಂಗ ಹೇಳ್ಲಿ? ಒಡಪೈತಿ."

ಮದುವೆಯ ದಿನ ಗಂಡನ ಹೆಸರು ಹೇಳೆಂದು ಹೆಂಗಸರು ಸುತ್ತ ನಿಂತು ಕಾಡಿದಾಗ, ಪ್ರಾಸ ಕೂಡಿಸಿ ನನ್ನ ಹೆಸರಿಟ್ಟು ಹೇಳಿದ್ದ ಒಡಪು. ಅದನ್ನೇ ಇಡಿಯಾಗಿ ಪಾಸ್‌ವರ್ಡ್ ಮಾಡಿಸಿದ್ದಳು.

"ಉದ್ದ ಇರಬೇಕು, ಮಂದಿ ಮುಂದ ಬಾಯಿ ಬಿಡಬಾರದು ಅಂತ ನೀವ ಹೇಳಿದ್ರಿ" ಎಂದಳು. "ಅವತ್ತು ನೀವೂ ಬಾಜೂಕ ನಿಂತಿದ್ರಿ. ನೆನಪಿಲ್ಲೇನು?"

ನೆನಪಿರಲಿಲ್ಲ. ಅವಳು ನನ್ನನ್ನು ನೋಡಿದಳು. ನಾನು ಪರದೆ ನೋಡಿದೆ.

"ಹೇಳು. ನಿನಗ ಒತ್ತಾಕ ಬರೂದಿಲ್ಲ, ನಾ ಒತ್ತತೀನಿ."

"ಇಷ್ಟು ಮಂದ್ಯಾಗ?"

ಗಿರಾಕಿಗಳನ್ನು ಹೊರಗೆ ಕಳಿಸಿದೆ. ನಡುಮಧ್ಯಾಹ್ನ ಷಟರ್ ಎಳೆದೆ. ಹೊರಗೆ ಚಹಾದಂಗಡಿಯವನ ದನಿ ಕೇಳಿತು: "ಅಣ್ಣಾರು ಅಂಗಡಿ ಬಂದ್ ಮಾಡ್ಯಾರ. ಯಾರು ತೀರಿಕೊಂಡ್ರೋ ಏನೋ."

"ಈಗ ಹೇಳು."

"ನೀವು ಆ ಕಡೆ ತಿರುಗ್ರಿ."

"ತಿರುಗಿದ್ರ ಹೆಂಗ ಒತ್ತಲಿ?"

ಅದೂ ಸರಿ ಎನ್ನಿಸಿತು. ಅವಳೇ ಗೋಡೆಯ ಕಡೆ ತಿರುಗಿ ನಿಂತಳು. ಒಂದೊಂದೇ ಮಾತು ಹೇಳಿದಳು. ಒಂದೊಂದೇ ಒತ್ತಿದೆ. ನನ್ನ ಹೆಸರು ಕೊನೆಗೆ ಬಂತು. ಅವಳ ಬಾಯಲ್ಲಿ ನಾನು ಅದನ್ನು ಕೇಳಿದ್ದು ಮದುವೆಯಾದ ಮೇಲೆ ಅವತ್ತೇ.

ತೆರೆಯಿತು. ಅತ್ತೆ ಹಾಡಿದರು. ಬೀಸುಕಲ್ಲಿನ ಸದ್ದೂ ಬಂತು. ಹೆಂಡತಿ ಗೋಡೆಯ ಕಡೆಗೇ ನಿಂತು ಕೇಳಿದಳು. ಹಾಡು ಮುಗಿಯುವ ತನಕ ತಿರುಗಲಿಲ್ಲ.

ಆಮೇಲೆ ಷಟರ್ ಎತ್ತಿದೆ. ಬಾಗಿಲಲ್ಲೇ ಚಹಾದಂಗಡಿಯವನಿದ್ದ.

"ಹಾಡು ಕೇಳ್ತ್ರೀ ಅಣ್ಣಾರ. ಅದಕ್ಕೂ ಮೊದಲು ವೈನಿ ಏನಂದ್ರು, ಅದ ಕೇಳಲಿಲ್ಲ ನೋಡ್ರಿ" ಎಂದ, ಭಾಳ ಬೇಜಾರಿನಿಂದ.

ಆ ಒಡಪನ್ನು ಇಲ್ಲಿ ಬರೆಯುವಂತಿಲ್ಲ. ಪಾಸ್‌ವರ್ಡ್ ಬದಲಿಸಿಲ್ಲ.